ಕಿವಿಗಿಟ್ಟ ಸ್ಕ್ರೂಡ್ರೈವರ್

ಮುದುಕಿ ಸುಳ್ಳು ಹೇಳುತ್ತಿದ್ದಾಳೆಂದು ಅವನಿಗೆ ತಕ್ಷಣ ಗೊತ್ತಾಯಿತು. ಗೋಡೆಯ ಹಲಗೆಯಲ್ಲಿದ್ದ ಕೊನೆಯ ಸಾಲಿನ ಅಕ್ಷರಗಳನ್ನು ಅವಳು ಗಡಗಡ ಓದಿ ಮುಗಿಸಿದ್ದಳು, ಅದೂ ಪರೀಕ್ಷೆಯ ಚೌಕಟ್ಟಿನಲ್ಲಿ ಅವನು ಗಾಜನ್ನು ಸರಿಯಾಗಿ ಕೂರಿಸುವ ಮೊದಲೇ. ಅವಳಿಗಿಂತ ಮುಂಚೆ ಕುರ್ಚಿಯಲ್ಲಿ ಕೂತಿದ್ದವನು ಗಟ್ಟಿಯಾಗಿ ಓದಿದ್ದನ್ನು ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡಿಕೊಂಡಿರಬೇಕು. ಈ ಕನ್ನಡಕದ ಅಂಗಡಿಯಲ್ಲಿ ಅರ್ಧ ಆಯುಷ್ಯ ಕಳೆದವನಿಗೆ ಇದೇನೂ ಹೊಸದಲ್ಲ. ಕಾಣುವವರು ನೆಟ್ಟಗೆ ನೋಡಿ ಸಪ್ಪೆಯಾಗಿ ಓದುತ್ತಾರೆ. ಕಾಣದವರು ಕತ್ತನ್ನು ಒಂಚೂರು ಓರೆ ಮಾಡಿ, ಬೇಕಾದ್ದಕ್ಕಿಂತ ಹೆಚ್ಚು ಧೈರ್ಯದಿಂದ ಓದುತ್ತಾರೆ. ಕಾಣುವುದಿಲ್ಲ ಎಂದರೆ ಇವನು ಫೇಲು ಮಾಡಿ ಮನೆಗೆ ಕಳಿಸುತ್ತಾನೆ ಎಂದುಕೊಳ್ಳುತ್ತಾರೋ ಏನೋ. ಅವನು ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಿದವನಲ್ಲ. 'ಸರಿಯಾಗಿ ಓದಿದ್ರಿ ಅಮ್ಮಾ, ಸುಮ್ನೆ ಹೋಲಿಸಿ ನೋಡೋಕೆ ಇನ್ನೊಂದು ಗ್ಲಾಸ್ ಹಾಕ್ತೀನಿ' ಎಂದ. ಅದಕ್ಕೂ ಅವಳು ಅದೇ ಪಾಠ ಒಪ್ಪಿಸಿದಳು. ಮತ್ತೊಂದು ಗಾಜು ಕೂತಾಗ ಮಾತ್ರ ಓದುವುದನ್ನು ನಿಲ್ಲಿಸಿ ಬಾಯಿ ತೆರೆದಳು. ಹಲಗೆಯನ್ನು ಬಿಟ್ಟು ಗೋಡೆಯ ಬಿರುಕನ್ನು, ಬೀಗದ ಕೈ ನೇತುಹಾಕಿದ್ದ ಮೊಳೆಯನ್ನು, ಬಾಗಿಲಾಚೆ ರಸ್ತೆಯಲ್ಲಿ ಹೋಗುವವರ ಮುಖಗಳನ್ನು ನೋಡತೊಡಗಿದಳು. ಈ ಗಳಿಗೆಯ ಆಸೆಗೇ ಅವನು ಈ ಕಸುಬಿನಲ್ಲಿ ಉಳಿದದ್ದು. ಇವತ್ತು ಅದನ್ನು ನೋಡಿಯೂ ಅವನ ಮನಸ್ಸು ತಹಬಂದಿಗೆ ಬರಲಿಲ್ಲ.

ನಿನ್ನೆ ಸಂಜೆ ಅತ್ತಿಗೆ ಫೋನ್ ಮಾಡಿದ್ದರು. ಅತ್ತಿಗೆ ಎಂದರೆ ಒಡಹುಟ್ಟಿದವನ ಹೆಂಡತಿಯಲ್ಲ, ಗೇರಣ್ಣನ ಹೆಂಡತಿ. ಗೇರಣ್ಣನೂ ಒಡಹುಟ್ಟಿದವರಲ್ಲ, ಎಂದೋ ಕನ್ನಡಕಕ್ಕೆಂದು ಅಂಗಡಿಗೆ ಬಂದು ಸ್ನೇಹಿತರಾಗಿ ಉಳಿದವರು, ಅಪ್ಪ ಎನ್ನಲು ಚಿಕ್ಕವರು, ಅಣ್ಣ ಎನ್ನಲು ಸ್ವಲ್ಪ ಹೆಚ್ಚೇ ದೊಡ್ಡವರು, ಕ್ಯಾನ್ಸರ್ ಆಗಿ ಹೋದ ವರ್ಷ ತೀರಿಕೊಂಡವರು. ಅವರ ನೀಲಿ ಕಾರು ಅಂದಿನಿಂದ ಶೆಡ್ಡಿನಲ್ಲೇ ನಿಂತಿದೆ. ಅತ್ತಿಗೆ ಸುತ್ತಿ ಬಳಸಿ ಮಾತಾಡುವವರಲ್ಲ. 'ಅದು ಹಾಗೆ ನಿಂತಿರೋದನ್ನ ನನಗೆ ನೋಡೋಕಾಗ್ತಿಲ್ಲಪ್ಪ. ನಾಳೆ ಮೆಕ್ಯಾನಿಕ್ ಬರ್ತಾನೆ, ಸ್ಟಾರ್ಟ್ ಮಾಡಿಸಿ ನೀನು ತಗೊಂಡು ಹೋಗು. ನಿನಗೆ ಬೇಡ ಅಂದ್ರೆ ಬೇರೆ ಯಾರೋ ಕೇಳ್ತಿದಾರಂತೆ, ಅವರಿಗೆ ಕೊಟ್ಟುಬಿಡ್ತೀನಿ. ಆದ್ರೆ ನಿನ್ನಷ್ಟು ಅದನ್ನ ಬಲ್ಲೋರು ಇನ್ಯಾರಿದಾರೆ ಹೇಳು' ಎಂದಿದ್ದರು. ಆ ಕೊನೆಯ ಮಾತು ಅವನ ಎದೆಗೆ ಮುಳ್ಳಿನ ಹಾಗೆ ಚುಚ್ಚಿ ಅಲ್ಲೇ ಕೂತಿತು. ಬೆಳಿಗ್ಗೆ ಹೆಂಡತಿ, ಬೇಕಾದರೆ ಬೇಕು ಅನ್ನಿ, ಬೇಡವಾದರೆ ಬೇಡ ಅನ್ನಿ, ಇಷ್ಟಕ್ಕೆ ಇಂಥಾ ಮುಖ ಯಾಕೆ ಎಂದು ಕೇಳಿ ತನ್ನ ಕೆಲಸ ನೋಡಿಕೊಂಡಳು. ಅವಳಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವನಿಗೆ ಕಾರಿನ ಗಂಧಗಾಳಿ ಇಲ್ಲ. ಗೇರಣ್ಣನ ಪಕ್ಕದ ಸೀಟಿನಲ್ಲಿ ಇಷ್ಟು ವರ್ಷ ಕೂತು, ಎಂಜಿನ್ನಿನ ಮೇಲೆ ಬಗ್ಗಿ, ಕೋಲೆಬಸವನ ಹಾಗೆ ತಲೆಯಾಡಿಸಿದವನು ಒಂದು ದಿನವೂ ಅದರೊಳಗಿನ ಒಂದು ಶಬ್ದವನ್ನು ಇನ್ನೊಂದರಿಂದ ಬೇರೆ ಮಾಡಿ ಕೇಳಿದವನಲ್ಲ. ಇವತ್ತು ಹೋಗಿ ಬೇಡ ಅನ್ನಬೇಕು. ಯಾಕೆ ಬೇಡ ಎಂದು ಅತ್ತಿಗೆ ಕೇಳಿದರೆ ಹೇಳಿಯೂಬಿಡಬೇಕು.

ಮಧ್ಯಾಹ್ನ ಅಂಗಡಿಯ ಷಟರ್ ಎಳೆದು ನಡೆಯತೊಡಗಿದ. ಮೊದಲ ಸಲ ಗೇರಣ್ಣ ಬಂದಾಗಲೂ ಇಂಥದೇ ಬಿಸಿಲು. ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿದು, ಬಾಗಿಲು ಹಾಕಿ, ಅದರ ತಲೆಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿ ಒಳಗೆ ಬಂದಿದ್ದರು, ಇರು, ಈಗ ಬಂದೆ ಎಂದು ಮಕ್ಕಳಿಗೆ ಹೇಳಿ ಬರುವ ಹಾಗೆ. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೇಲ್ವಿಚಾರಕರಾಗಿದ್ದರು. ನಡೆಯುವಾಗಲೂ, ಮಾತಾಡುವಾಗಲೂ ಒಂದು ಕೈ ಗಾಳಿಯಲ್ಲಿ ಗೇರು ಬದಲಾಯಿಸುತ್ತಿತ್ತು. ದಿಬ್ಬದ ರಸ್ತೆ ಹತ್ತುವಾಗ ಕಾಲ್ನಡಿಗೆಯಲ್ಲೂ ಎರಡನೇ ಗೇರಿಗೆ ಬರುತ್ತಿದ್ದರು. ಆ ಹೆಸರು ಯಾರಿಟ್ಟರೋ, ಹೆಂಡತಿಯೂ ಹಾಗೇ ಕರೆಯುತ್ತಿದ್ದರು, ಸಿಟ್ಟು ಬಂದಾಗ. ಕುರ್ಚಿಯಲ್ಲಿ ಕೂರಿಸಿ ಹಲಗೆ ತೋರಿಸಿದರೆ ಎರಡನೇ ಸಾಲಿನಲ್ಲೇ ನಿಂತು, 'ಮುಂದಕ್ಕೆ ಕಾಣ್ಸಲ್ಲ ಕಣಪ್ಪ, ಮಂಜು ಬಿದ್ದ ಹಾಗಿದೆ' ಎಂದರು. ಅಷ್ಟು ಸಲೀಸಾಗಿ ಕಾಣುವುದಿಲ್ಲ ಎಂದ ಗಿರಾಕಿಯನ್ನು ಅವನು ಆವರೆಗೆ ನೋಡಿರಲಿಲ್ಲ. ನಾಚಿಕೆಯಿಲ್ಲ, ನೆಪವಿಲ್ಲ. ಇಲ್ಲದ್ದನ್ನು ಇದೆ ಎನ್ನುವ ಅಗತ್ಯವೇ ಬೀಳದ ಮನುಷ್ಯ. ಅವನು ಆ ದಿನವೇ ಅವರನ್ನು ಮೆಚ್ಚಿದ. ಸರಿಯಾದ ಗಾಜು ಸಿಕ್ಕಾಗ ಅವರು ಮೊದಲು ನೋಡಿದ್ದು ಕಿಟಕಿಯಾಚೆ ನಿಂತಿದ್ದ ಕಾರನ್ನು. 'ಅಯ್ಯೋ, ಬಾಗಿಲ ಮೇಲೆ ಗೀರು ಬಿದ್ದಿದೆಯಲ್ಲೋ' ಎಂದು ಎದ್ದು ಹೊರಗೆ ಓಡಿದರು, ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿರುವಾಗಲೇ. ಹಿಂದೆಯೇ ಓಡಿದ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದರು. ಅವತ್ತಿನಿಂದ ಅವನು ಡಾಕ್ಟರಾದ. ತಾನು ಡಾಕ್ಟರಲ್ಲ, ಕನ್ನಡಕ ಮಾಡುವವನು ಎಂದು ಎಷ್ಟು ಸಲ ಹೇಳಿದರೂ ಡಾಕ್ಟ್ರೇ ಎನ್ನುವುದನ್ನು ಬಿಡಲಿಲ್ಲ. ಬೇರೆಯವರ ಬಾಯಲ್ಲಿ ಆ ಮಾತು ಅವನಿಗೆ ಅಣಕದ ಹಾಗೆ ಕೇಳುತ್ತಿತ್ತು. ಅವರ ಬಾಯಲ್ಲಿ ಮಾತ್ರ ಹಿತವಾಗಿತ್ತು.

ಅಂಗಡಿಗೆ ರಜೆಯಿದ್ದ ಬೆಳಿಗ್ಗೆಗಳೆಲ್ಲ ಆಮೇಲೆ ಆ ಶೆಡ್ಡಿನದಾದವು. ಕಾರು ಎಲ್ಲಿಗಾದರೂ ಹೋಗಲಿ ಬಿಡಲಿ, ಮೊದಲು ಅದನ್ನು ಕೇಳಬೇಕು. ಅದು ಅಲ್ಲಿಯ ಕ್ರಮ. ಗೇರಣ್ಣ ಎಂಜಿನ್ ಚಾಲೂ ಮಾಡಿ, ಬಾನೆಟ್ಟು ಎತ್ತಿ, ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರೊಂದನ್ನು ತೆಗೆದು, ಅದರ ತುದಿಯನ್ನು ಎಂಜಿನ್ನಿನ ಮೇಲೆ ಒಂದೊಂದು ಕಡೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಪಂಪ್‌ಹೌಸಿನಲ್ಲಿ ಕಲಿತ ವಿದ್ಯೆ. ಕಬ್ಬಿಣ ಸುಳ್ಳು ಹೇಳಲ್ಲ ಎನ್ನುತ್ತಿದ್ದರು. ಒಳಗೆ ಎಲ್ಲಿ ಏನು ಸಡಿಲವಾಗಿದೆ, ಎಲ್ಲಿ ಎಣ್ಣೆ ಸಾಲದು ಎಂಬುದೆಲ್ಲ ಆ ಸರಳಿನ ಮೂಲಕ ಏರಿ ಬರುತ್ತಿತ್ತಂತೆ. ಮೊದಲ ಸಲ ಅದನ್ನು ಅವನ ಕಿವಿಗೆ ಹಿಡಿದು, 'ನೋಡು, ಸಣ್ಣಗೆ ಟಿಕ್ ಟಿಕ್ ಅಂತಿದೆಯಲ್ಲ, ಒಂದೇ ಸಮ? ಅದು ಟ್ಯಾಪೆಟ್ಟು, ಒಳಗಿನ ಕವಾಟ ತಟ್ಟೋದು. ಅದರ ಹಿಂದೆ ತೆಳ್ಳಗೆ ಇನ್ನೊಂದಿದೆ. ಕೇಳಿಸ್ತಾ?' ಎಂದಾಗ ಅವನಿಗೆ ಕೇಳಿಸಿದ್ದು ಹಿಟ್ಟಿನ ಗಿರಣಿಯ ಮುಂದೆ ನಿಂತಾಗ ಕೇಳುವಂಥ ಒಂದು ದೊಡ್ಡ ಗದ್ದಲ. ತಲೆಯೆತ್ತಿ ನೋಡಿದ. ಗೇರಣ್ಣನ ಮುಖ ತೀರ ಹತ್ತಿರದಲ್ಲಿತ್ತು, ಅವನೇ ಮಾಡಿಕೊಟ್ಟ ಕನ್ನಡಕದ ಹಿಂದೆ ಕಣ್ಣು ಮಿನುಗುತ್ತಿತ್ತು, ಆ ಮುಖವನ್ನು ಇಲ್ಲ ಎಂದು ಹೇಳಿ ಆರಿಸಲು ಮನಸ್ಸು ಬರಲಿಲ್ಲ. 'ಹೂಂ' ಎಂದ. ಗೇರಣ್ಣ ಅವನ ಬೆನ್ನಿಗೆ ಎಷ್ಟು ಜೋರಾಗಿ ತಟ್ಟಿದರೆಂದರೆ ಹಣೆ ಬಾನೆಟ್ಟಿಗೆ ಬಡಿಯಿತು. ಮುಂದಿನ ವಾರವೂ ಹೂಂ. ಅದರ ಮುಂದಿನ ವಾರ ಇಲ್ಲ ಎನ್ನಬೇಕಾದರೆ ಹಿಂದಿನ ಎರಡು ವಾರಗಳನ್ನೂ ಬಿಚ್ಚಬೇಕಾಗುತ್ತಿತ್ತು. ಹೀಗೆ ಬೆಳೆಯಿತು ಅದು.

ದಾರಿಯ ಬದಿಯ ಗ್ಯಾರೇಜಿನಿಂದ ಎಣ್ಣೆ ಮತ್ತು ರಬ್ಬರಿನ ವಾಸನೆ ಬಂದು ಅವನು ನಿಂತ. ಈ ವಾಸನೆಗೆ ಅವನಿಗೆ ಈಗಲೂ ರಜೆಯ ನೆನಪಾಗುತ್ತದೆ. ಕಾರೆಂದರೆ ಅವನಿಗೆ ಇಷ್ಟವೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಆ ಮನುಷ್ಯ ಇಷ್ಟವಾಗಿದ್ದರು, ಅಷ್ಟೇ. ಗೇರಣ್ಣ ಪಾರಿವಾಳ ಸಾಕಿದ್ದರೆ ಅವನು ಪಾರಿವಾಳಕ್ಕೂ ಹೂಂ ಎನ್ನುತ್ತಿದ್ದನೇನೋ. ಪಕ್ಕದ ಸೀಟಿನ ಕಿಟಕಿಯ ಗಾಜು ಅರ್ಧಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ, ಆ ಅಂಚಿಗೆ ಮೊಣಕೈ ಊರಿ ಊರಿ ಅಲ್ಲಿ ಅವನದೊಂದು ಕಪ್ಪು ಗುರುತೇ ಬಿದ್ದಿತ್ತು. ಎಲ್ಲಿಗೂ ಎಂದಲ್ಲದ ದಾರಿಗಳು. ಸೇತುವೆಯ ತನಕ, ಹಳೆಯ ಇಟ್ಟಿಗೆ ಗೂಡಿನ ತನಕ, ಒಮ್ಮೊಮ್ಮೆ ಪೆಟ್ರೋಲ್ ಮುಗಿದ ತನಕ. ಅವನ ಅಪ್ಪ ತೀರಿಕೊಂಡ ವಾರ ಗೇರಣ್ಣ ಒಂದೂ ಸಮಾಧಾನದ ಮಾತು ಆಡಲಿಲ್ಲ. ಬೆಳಗಾದರೆ ಬಂದು ಹಾರನ್ ಹೊಡೆದು ಕೂರಿಸಿಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ ಕಾರ್ಬೊರೇಟರ್ ಬಗ್ಗೆ ಮಾತಾಡುತ್ತಿದ್ದರು, ಅವನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಹೂಂ ಹೂಂ ಎನ್ನುತ್ತಿದ್ದ. ಹಳೆಯ ಕಾರಿನ ಹುಚ್ಚಿನವರು ಸೇರುವ ಕಡೆಯೂ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಡಾಕ್ಟ್ರ ಕಿವಿ ಪಾಸಾಗಿದೆ ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ದಪ್ಪ ಮೀಸೆಯವನು, ಹಾಗಾದರೆ ನನ್ನ ಗಾಡಿ ಕೇಳಿ ಹೇಳಲಿ ಎಂದು ಸ್ಕ್ರೂಡ್ರೈವರನ್ನು ಅವನ ಕೈಗೇ ಕೊಟ್ಟುಬಿಟ್ಟ. ಸುತ್ತ ಜನ. ಅವನು ಬಗ್ಗಿ, ಕಿವಿಗೊಟ್ಟು, ಕಣ್ಣು ಮುಚ್ಚಿ, ಬೆವರಿ, ಕೊನೆಗೆ 'ಎಣ್ಣೆ ಸ್ವಲ್ಪ ನೋಡಿ' ಎಂದ. ಯಾವ ಗಾಡಿಗಾದರೂ ಒಪ್ಪುವ ಮಾತು. ಮೀಸೆಯವನು ನಕ್ಕನೋ ಇಲ್ಲವೋ ನೋಡುವ ಧೈರ್ಯವಾಗಲಿಲ್ಲ. ಗೇರಣ್ಣ ಅಷ್ಟರಲ್ಲಿ, ಬನ್ನಿ ಟೀ ತಣ್ಣಗಾಗತ್ತೆ ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋಗಿದ್ದರು. ಆಗ ಬದುಕಿದೆ ಎನಿಸಿತ್ತು. ಈಗ ಯೋಚಿಸಿದರೆ ಆ ಟೀ ಇನ್ನೂ ಬಂದೇ ಇರಲಿಲ್ಲ.

ಅವರಿಗೆ ಕಾಯಿಲೆ ಹೊಟ್ಟೆಯಲ್ಲಿತ್ತು. ಗೊತ್ತಾಗುವ ಹೊತ್ತಿಗೆ ಹರಡಿತ್ತು. ನೋಡಲು ಬಂದವರಲ್ಲಿ ಪ್ರತಿಯೊಬ್ಬನೂ, ಎಂಜಿನ್ನಿನೊಳಗೆ ಸೂಜಿ ಬಿದ್ದರೂ ಕೇಳಿಸಿಕೊಳ್ಳುವವರು ತಮ್ಮ ಹೊಟ್ಟೆಯ ಮಾತು ಕೇಳಿಸಿಕೊಳ್ಳಲಿಲ್ಲವಲ್ಲ ಎಂದು, ತಾನೇ ಮೊದಲು ಕಂಡುಹಿಡಿದವನ ಹಾಗೆ ಹೇಳಿ ಹೋಗುತ್ತಿದ್ದ. ಅದನ್ನು ಕೇಳಿ ಕೇಳಿ ಅವನಿಗೆ ರೋಸಿಹೋಗಿತ್ತು. ಗೇರಣ್ಣ ಮಾತ್ರ ಪ್ರತಿಸಲವೂ ಹೊಸದಾಗಿ ನಕ್ಕರು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ತೋಳಿಗೆ ಔಷಧ ಹನಿ ಹನಿಯಾಗಿ ಇಳಿಯುತ್ತಿರುವಾಗ, ಇದೇನು ಪೆಟ್ರೋಲ್ ಲೈನಿನಲ್ಲಿ ಕಸ ಕೂತ ಹಾಗಿದೆಯಲ್ಲ ಎಂದು ನರ್ಸಮ್ಮನನ್ನು ನಗಿಸಿದರು. ಕೂದಲು ಹೋಯಿತು, ಕೆನ್ನೆ ಹೋಯಿತು, ಮುಖಕ್ಕಿಂತ ಕನ್ನಡಕ ದೊಡ್ಡದಾಗಿ ಜಾರತೊಡಗಿತು. ಅವನು ಆಸ್ಪತ್ರೆಗೆ ಹೋದಾಗಲೆಲ್ಲ ಜೇಬಿನಲ್ಲಿ ಸಣ್ಣ ತಿರುಪುಳಿ ಇಟ್ಟುಕೊಂಡು ಹೋಗಿ ಕನ್ನಡಕದ ಕಾಲುಗಳನ್ನು ಒಂಚೂರು ಬಿಗಿ ಮಾಡಿ ಬರುತ್ತಿದ್ದ. ಅದೊಂದೇ ಅವನಿಂದ ಆಗುತ್ತಿದ್ದದ್ದು. ಬಿಗಿ ಮಾಡುವಾಗ ಒಂದು ದಿನ, ಅಣ್ಣಾ ನನಗೆ ಯಾವತ್ತೂ ಏನೂ ಕೇಳಿಸಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸಾಯುವವರ ಮುಂದೆ ತನ್ನ ಭಾರ ಇಳಿಸಿಕೊಳ್ಳುವುದು ಯಾವ ನ್ಯಾಯ ಎನಿಸಿ ನುಂಗಿಕೊಂಡ. ಅದು ನ್ಯಾಯವೋ ಹೇಡಿತನವೋ ಎಂದು ಈಗಲೂ ತೀರ್ಮಾನವಾಗಿಲ್ಲ.

ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಒಂದು ಬೆಳಿಗ್ಗೆ ಗೇರಣ್ಣನೇ ಫೋನ್ ಮಾಡಿ, ಬಾರೋ, ಒಂದ್ಸಲ ಕೇಳೋಣ ಎಂದು ಕರೆದರು. ಅವನು ಹೋದಾಗ ಸ್ವೆಟರು ಹಾಕಿಕೊಂಡು ಶೆಡ್ಡಿನಲ್ಲಿ ಬೋರಲು ಹಾಕಿದ ಡಬ್ಬದ ಮೇಲೆ ಕೂತಿದ್ದರು. ಎದ್ದು ನಿಲ್ಲುವ ಶಕ್ತಿಯಿರಲಿಲ್ಲ. ಎಂಜಿನ್ ಆಗಲೇ ಚಾಲೂ ಇತ್ತು. ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು, ಅಲ್ಲಲ್ಲ, ಇನ್ನೊಂಚೂರು ಮುಂದೆ, ಹಾಂ ಅಲ್ಲೇ ಎಂದು ಕೂತಲ್ಲಿಂದಲೇ ಬೆರಳು ತೋರಿಸಿದರು. ಅವನು ಎಂದಿನ ಹೂಂ ಅನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡು ಬಗ್ಗಿದ. ಕೇಳಿಸಿತು. ಗದ್ದಲದ ನಡುವೆ, ಗದ್ದಲಕ್ಕೆ ಸೇರದೆ, ಮರದ ಮೇಲೆ ಉಗುರಿನಿಂದ ತಟ್ಟಿದ ಹಾಗೆ, ಟಕ್ ಟಕ್ ಟಕ್ ಟಕ್ ಎಂದು ಸ್ಪಷ್ಟವಾಗಿ, ನೇರವಾಗಿ ಅವನ ತಲೆಬುರುಡೆಯೊಳಗೆ. 'ಅಣ್ಣಾ, ಕೇಳಿಸ್ತು' ಎಂದು ಕೂಗಿಬಿಟ್ಟ. ಗೇರಣ್ಣ, ಹೇಗಿದೆ ಎಂದು ಕೇಳಿದರು. ಅವನು ಕಿವಿಯನ್ನು ಅಲ್ಲೇ ಇಟ್ಟುಕೊಂಡು, ಇನ್ನೊಂದು ಕೈ ಚಾಚಿ ಅವರ ಮಂಡಿಯ ಮೇಲೆ ಬೆರಳಿನಿಂದ ಆ ತಾಳವನ್ನು ಬಡಿದು ತೋರಿಸಿದ. ಬಟ್ಟೆಯ ಕೆಳಗೆ ಬರೀ ಮೂಳೆಯಿತ್ತು. ಗೇರಣ್ಣ ಕಣ್ಣು ಮುಚ್ಚಿಕೊಂಡು, 'ಅದೇ. ಅದೇ ಕಣೋ' ಎಂದರು. ಇಬ್ಬರೂ ಎಷ್ಟು ಹೊತ್ತು ಹಾಗಿದ್ದರೋ, ಅತ್ತಿಗೆ ಬಂದು ಹೊಗೆ ತುಂಬಿಕೊಳ್ಳುತ್ತೆ ಎಂದು ಬೈದು ಬಂದ್ ಮಾಡಿಸಿದರು. ಅಷ್ಟು ಸಂತೋಷ ಅವನ ಜೀವಮಾನದಲ್ಲಿ ಹೆಚ್ಚು ಸಲ ಆದದ್ದಿಲ್ಲ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಹೊಳೆಯಿತು. ಇಷ್ಟು ವರ್ಷ ಕೇಳಿಸುತ್ತಿದ್ದವನು ಕೇಳಿಸ್ತು ಎಂದು ಯಾಕೆ ಕೂಗುತ್ತಾನೆ? ಗೇರಣ್ಣ ಅದನ್ನು ಗಮನಿಸಿರಲಾರರೇ? ಸಾಯುವ ಮುಂಚೆ, ಇವನು ತನ್ನ ಕಣ್ಣಿಗೆ ಮಣ್ಣೆರಚಿದ್ದ ಎಂದು ತಿಳಿದುಕೊಂಡೇ ಹೋದರೇ? ಕೇಳಿ ತಿಳಿದುಕೊಳ್ಳಲು ಆಮೇಲೆ ಹೊತ್ತು ಸಿಗಲಿಲ್ಲ.

ಅತ್ತಿಗೆ ಗೇಟಿನಲ್ಲೇ ನಿಂತಿದ್ದರು. ಊಟ ಆಯ್ತಾ ಎಂದು ಕೇಳಿ, ಅವನ ಉತ್ತರಕ್ಕೆ ಕಾಯದೆ, ಆಗಿಲ್ಲ ಅಂತ ಮುಖವೇ ಹೇಳ್ತಿದೆ, ಮೊದಲು ಕಾರು ಆಗ್ಲಿ ಆಮೇಲೆ ಬಡಿಸ್ತೀನಿ ಎಂದರು. ಮೆಕ್ಯಾನಿಕ್ ಆಗಲೇ ಬಂದು ಹೊಸ ಬ್ಯಾಟರಿ ಕೂರಿಸಿ, ಹಳೆಯ ಪೆಟ್ರೋಲ್ ಬಸಿದು, ಕೈ ಒರೆಸಿಕೊಳ್ಳುತ್ತಿದ್ದ. ಕಡಿಮೆ ಮಾತಿನ ನಡುವಯಸ್ಸಿನವನು. ಶೆಡ್ಡಿನಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಡಬ್ಬ ಬೋರಲಾಗಿಯೇ ಇತ್ತು, ಗೋಡೆಯ ಮೊಳೆಯಲ್ಲಿ ಸ್ಕ್ರೂಡ್ರೈವರ್ ತೂಗುತ್ತಿತ್ತು, ಕಾರಿನ ನೀಲಿಯ ಮೇಲೆ ಧೂಳು ಕೂತು ಬೂದು ಬಣ್ಣವಾಗಿತ್ತು. ಹೇಳಬೇಕಾದ್ದನ್ನು ಈಗಲೇ ಹೇಳಿಬಿಡೋಣವೆಂದು ಅತ್ತಿಗೆಯ ಕಡೆ ತಿರುಗಿ, 'ಅತ್ತಿಗೆ, ಕಾರು ನನಗೆ ಬೇಡ' ಎಂದ. ಅವರು ಅವನನ್ನೇ ನೋಡಿದರು. 'ಯಾಕೆ ಅಂದ್ರೆ, ನನಗೆ…' ಎನ್ನುವಷ್ಟರಲ್ಲಿ ಮೆಕ್ಯಾನಿಕ್, ಯಾರಾದರೂ ಕೂತು ಸ್ಟಾರ್ಟ್ ಮಾಡ್ತೀರಾ ಎಂದು ಕರೆದ. ಅವನು ಸರಕ್ಕನೆ ಹೋಗಿ, ಬಾಗಿಲು ತೆರೆದು, ಕೂತು, ಮುಂದೆ ಕೈಚಾಚಿದರೆ ಸ್ಟೇರಿಂಗ್ ಇಲ್ಲ. ಪಕ್ಕದ ಸೀಟಿನಲ್ಲಿ ಕೂತಿದ್ದ. ಮೆಕ್ಯಾನಿಕ್ ಮುಖ ತಿರುಗಿಸಿ ನಗು ಅಡಗಿಸಿಕೊಂಡ. ಕಿವಿ ಬಿಸಿಯಾಯಿತು. ಇಳಿದು ಸುತ್ತಿಕೊಂಡು ಹೋಗಿ ಆ ಕಡೆ ಕೂತ. ಸೀಟು ಗೇರಣ್ಣನ ಮೈಯಳತೆಗೆ ತಗ್ಗಾಗಿತ್ತು, ಕಾಯಿಲೆಗೆ ಮುಂಚಿನ ಮೈ.

ಎರಡು ಸಲ ಕೆಮ್ಮಿ ಎಂಜಿನ್ ಹತ್ತಿಕೊಂಡಿತು. ಶೆಡ್ಡು ಸದ್ದಿನಿಂದ ತುಂಬಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಂಡಿತು. ಹೊಗೆಗೆ ಇರಬಹುದು. ಅವನು ಇಳಿದು, ಯಾರೂ ಹೇಳದೆಯೇ ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದು, ಗೇರಣ್ಣ ಬೆರಳು ತೋರಿಸಿದ್ದ ಜಾಗಕ್ಕೇ ಅದನ್ನು ಊರಿ ಕಿವಿಯಿಟ್ಟ. ಟಕ್ ಟಕ್ ಟಕ್ ಟಕ್. ಇತ್ತು. ಅಲ್ಲೇ ಇತ್ತು. ಮಣ್ಣಿಗೆ ಹೋದವರು ಒಳಗೆ ಕೂತು ಬಡಿಯುತ್ತಿರುವ ಹಾಗೆ. ಹಾಗಾದರೆ ಅವತ್ತು ಕೇಳಿಸಿದ್ದು ಭ್ರಮೆಯಲ್ಲ, ತಡವಾಗಿಯಾದರೂ ಕಿವಿ ತೆರೆದಿದೆ, ಅಷ್ಟು ವರ್ಷದ ಸುಳ್ಳು ಕೊನೆಗೊಮ್ಮೆ ನಿಜವಾಗಿದೆ. ಬೇಡ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇನೋ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. 'ಚೆನ್ನಾಗಿದೆ, ಅದೇ ಶಬ್ದ' ಎಂದು ಮೆಕ್ಯಾನಿಕ್ಕನಿಗೆ ಹೇಳಿದ, ಧ್ವನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ಮೆಕ್ಯಾನಿಕ್ ಅವನನ್ನೊಮ್ಮೆ ಎಂಜಿನ್ನನ್ನೊಮ್ಮೆ ನೋಡಿ, 'ಏನ್ ಸಾರ್, ಚೆನ್ನಾಗಿರೋದು? ಟ್ಯಾಪೆಟ್ ಹೊಡ್ಕೋತಿದೆ. ಇಲ್ಲಿ ನಿಂತ್ರೂ ಕೇಳ್ತಿದೆಯಲ್ಲ' ಎಂದು ಎಂಜಿನ್ ಬಂದ್ ಮಾಡಿದ.

ಸದ್ದು ಅಡಗಿದ ಶೆಡ್ಡಿನಲ್ಲಿ ಅವನು ಸ್ಕ್ರೂಡ್ರೈವರ್ ಹಿಡಿದು ನಿಂತೇ ಇದ್ದ. ಇಡೀ ಬದುಕಿನಲ್ಲಿ ಕೇಳಿಸಿದ ಒಂದೇ ಒಂದು ಶಬ್ದ, ಅದೂ ಕೆಟ್ಟು ಹೋದದ್ದರ ಶಬ್ದ. ಅದನ್ನು ಗೇರಣ್ಣನ ಮಂಡಿಯ ಮೇಲೆ ತಾಳ ಹಾಕಿ ತೋರಿಸಿದ್ದ, ದಡ್ಡ. ಕೆಟ್ಟಿದೆ ಎಂದು ಹೇಳುವ ಶಕ್ತಿಯಿಲ್ಲದೆ ಅವರು ಅದೇ ಅದೇ ಎಂದಿರಬೇಕು. ಮೆಕ್ಯಾನಿಕ್ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ, ಕಾಗದದಷ್ಟು ತೆಳ್ಳಗಿನ ಉಕ್ಕಿನ ಪಟ್ಟಿಗಳನ್ನು ಸಂದುಗಳಲ್ಲಿ ಒಂದೊಂದಾಗಿ ತೂರಿಸಿ ನೋಡತೊಡಗಿದ. ಕವಾಟಗಳ ಮೇಲೆ ಎಷ್ಟು ಸಂದು ಇರಬೇಕೋ ಅಷ್ಟೇ ಇದೆಯೇ ಎಂದು ನೋಡುವುದು ಅದು, ಗೇರಣ್ಣ ಮಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಸಂದು ಸರಿಮಾಡಿದ ಮೇಲೆ ತಿರುಪು ಅಲುಗದಂತೆ ಮೇಲೊಂದು ನಟ್ಟು ಬಿಗಿದು, ಆ ನಟ್ಟಿನ ಮೇಲೆ ಉಗುರು ಬಣ್ಣದ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು ಅವರು, ಆಮೇಲೆ ಯಾರಾದರೂ ಮುಟ್ಟಿದರೆ ಬಣ್ಣ ಒಡೆದು ಗೊತ್ತಾಗಲಿ ಎಂದು. ಮೆಕ್ಯಾನಿಕ್ ಕೊನೆಯ ಸಂದಿಗೆ ಬಂದು ನಿಂತ. ಇನ್ನೊಂದು ದಪ್ಪ ಪಟ್ಟಿ ತೂರಿಸಿದ. ಎರಡನ್ನು ಸೇರಿಸಿ ತೂರಿಸಿದ. ತಲೆ ಕೆರೆದುಕೊಂಡ.

'ಇದು ತಾನಾಗಿ ಸಡಿಲ ಆಗಿದ್ದಲ್ಲ ಸಾರ್' ಎಂದ. 'ಉಳಿದವೆಲ್ಲ ಗೆರೆ ಎಳೆದ ಹಾಗಿವೆ. ಇದೊಂದನ್ನ ಬೇಕು ಅಂತಲೇ ಅಗಲ ಬಿಟ್ಟು, ನಟ್ ಬಿಗಿದು, ಬಣ್ಣ ಇಟ್ಟಿದಾರೆ. ನೋಡಿ, ಚುಕ್ಕೆ ಹಾಗೇ ಇದೆ, ಒಡೆದಿಲ್ಲ. ಉಳಿದ ಚುಕ್ಕೆಗಳಿಗಿಂತ ಹೊಸದು. ಯಾರು ಮಾಡಿದ್ದು ಇದನ್ನ? ಗೇರಣ್ಣೋರ ಕೈ ನನಗೆ ಗೊತ್ತು, ಅವರು ಇಂಥಾ ಕೆಲಸ ಮಾಡೋರಲ್ಲ.'

ಅತ್ತಿಗೆ ಹತ್ತಿರ ಬಂದು ಬಗ್ಗಿ ಆ ಚುಕ್ಕೆಯನ್ನು ನೋಡಿದರು. ಆ ಉಗುರು ಬಣ್ಣದ ಬಾಟಲಿ ಹೆಸರಿಗೆ ಅವರದು. ಮದುವೆಯಾದ ಹೊಸದರಲ್ಲಿ ಅವರಿಗೆಂದೇ ತಂದದ್ದಂತೆ, ಮುಗಿದ ಹಾಗೆಲ್ಲ ಹೊಸದು ಬರುತ್ತಿತ್ತು, ಒಂದು ಸಲವೂ ಅವರ ಉಗುರಿಗೆ ಹತ್ತಿದ್ದಿಲ್ಲ. 'ಅವರೇ ಮಾಡಿದ್ದು' ಎಂದರು. 'ಆಸ್ಪತ್ರೆಯಿಂದ ಬಂದಮೇಲೆ. ಒಂದು ದಿನ ಬೆಳಿಗ್ಗೆ ನೋಡ್ತೀನಿ, ಹಾಸಿಗೇಲಿ ಇಲ್ಲ. ಗೋಡೆ ಹಿಡ್ಕೊಂಡು ಇಲ್ಲಿಗೆ ಬಂದು, ಮೈಯೆಲ್ಲ ಎಣ್ಣೆ ಮಾಡ್ಕೊಂಡು, ಬಾಟಲಿ ಮುಚ್ಚಳ ತೆಗೆಯೋಕಾಗ್ದೆ ಒದ್ದಾಡ್ತಿದಾರೆ. ನಾನೇ ತೆಗೆದುಕೊಟ್ಟೆ. ಈ ಸ್ಥಿತೀಲಿ ಏನ್ರೀ ಮಾಡ್ತಿದೀರಿ ಅಂತ ಬೈದ್ರೆ, ಕದ್ದು ಸಿಕ್ಕಿಬಿದ್ದೋರ ಹಾಗೆ ನಗ್ತಾರೆ. ಡಾಕ್ಟ್ರಿಗೆ ಕನ್ನಡಕ ಮಾಡ್ತಿದೀನಿ ಅಂದ್ರು.' ಔಷಧದ ಮಂಪರಿನಲ್ಲಿ ಏನೋ ಬಡಬಡಿಸುತ್ತಿದ್ದಾರೆ ಎಂದುಕೊಂಡೆ, ಆಮೇಲೆ ಮರೆತೇಹೋಯಿತು ಎಂದರು. 'ಅವತ್ತೇ ಅಲ್ವಾ ನಿನಗೆ ಫೋನ್ ಮಾಡಿ ಕರೆದಿದ್ದು?'

ಅವನು ಡಬ್ಬದ ಮೇಲೆ ಕೂತ. ಬೆಳಿಗ್ಗೆಯ ಮುದುಕಿ ಕಣ್ಣೆದುರು ಬಂದಳು, ಅವಳ ಓರೆ ಕತ್ತು, ಅತಿಯಾದ ಧೈರ್ಯ. ಅವನಿಗೆ ಅದು ಒಂದೇ ಗಳಿಗೆಯಲ್ಲಿ ಗೊತ್ತಾಗಿತ್ತು. ಇಷ್ಟು ವರ್ಷ ಅಷ್ಟು ಹತ್ತಿರ ನಿಂತು ಅವನ ಮುಖ ನೋಡಿದವರಿಗೆ ಗೊತ್ತಾಗಿರಲಿಲ್ಲ ಎಂದು ಯಾವ ಧೈರ್ಯದ ಮೇಲೆ ನಂಬಿಕೊಂಡಿದ್ದ? ಮೊದಲ ಹೂಂ ಅನ್ನೇ ಹಿಡಿದಿರಬೇಕು. ಹಿಡಿದೂ ಬೆನ್ನು ತಟ್ಟಿದರು. ಇನ್ನೂ ಬಾರದ ಟೀಗೆ ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು. ಒಂದು ದಿನವೂ ಮುಖಕ್ಕೆ ಹೊಡೆದ ಹಾಗೆ ಹೇಳಲಿಲ್ಲ. ಕೊನೆಗೆ, ತಮ್ಮ ಹತ್ತಿರ ಹೊತ್ತು ಉಳಿದಿಲ್ಲವೆಂದು ತಿಳಿದಾಗ, ಗೋಡೆ ಹಿಡಿದುಕೊಂಡು ಬಂದು, ಬೇರೆಯವರ ಗಾಡಿಯಲ್ಲಿ ಒಂದು ಸಣ್ಣ ಟಿಕ್ ಹೆಚ್ಚಾದರೂ ಹಲ್ಲು ಕಚ್ಚಿಕೊಳ್ಳುತ್ತಿದ್ದ ಆ ಮನುಷ್ಯ, ತಾವು ಮಗುವಿನ ಹಾಗೆ ನೋಡಿಕೊಂಡ ಎಂಜಿನ್ನನ್ನು ತಮ್ಮ ಕೈಯಾರೆ ಕೆಡಿಸಿದರು, ಇವನಿಗೆ ಒಂದು ಸಲ ಕೇಳಲಿ ಎಂದು. ಕೆಡಿಸಿ, ಇದು ನನ್ನದೇ ಕೆಲಸ ಎಂದು ಮೇಲೆ ಕೆಂಪು ಚುಕ್ಕೆ ಇಟ್ಟರು. ಅವನಿಗೆ ಅಳು ಬಂತು. ಅತ್ತ. ಪಕ್ಕದಲ್ಲಿ ಕಿಟಕಿಯಿರಲಿಲ್ಲ, ಮುಖ ತಿರುಗಿಸಲು ಜಾಗವಿರಲಿಲ್ಲ. ಮೆಕ್ಯಾನಿಕ್ ತನ್ನ ಪಟ್ಟಿಗಳನ್ನು ಒರೆಸುತ್ತ ನಿಂತ.

ಸ್ವಲ್ಪ ಹೊತ್ತಿನ ಮೇಲೆ ಮೆಕ್ಯಾನಿಕ್, ಏನು ಮಾಡಲಿ ಎಂದು ಕೇಳಿದ. ಹೀಗೇ ಬಿಟ್ಟರೂ ಓಡುತ್ತದೆ, ಆದರೆ ಬಡಿದು ಬಡಿದು ಒಳಗೆ ಸವೆಯುತ್ತದೆ, ಸರಿ ಮಾಡಲು ಹೆಚ್ಚು ಹೊತ್ತು ಬೇಡ ಎಂದ. ಅವನು ಅತ್ತಿಗೆಯ ಕಡೆ ನೋಡಿದ. 'ನನ್ನನ್ನ ಯಾಕೆ ನೋಡ್ತೀಯ, ನಿನ್ನ ಕಾರು' ಎಂದರು ಅವರು. ಮುಚ್ಚಳವನ್ನು ಸುಮ್ಮನೆ ಕೂರಿಸಿ ಇನ್ನೊಮ್ಮೆ ಚಾಲೂ ಮಾಡಿಸಿಕೊಂಡು ಅವನು ಬಗ್ಗಿದ. ಟಕ್ ಟಕ್ ಟಕ್ ಟಕ್. ಕೇಳುತ್ತಲೇ ಇರಬಹುದಿತ್ತು. ತೊಡೆಯ ಮೇಲೆ ಬೆರಳಿನಿಂದ ಆ ತಾಳವನ್ನು ಬಡಿದು ಬಡಿದು ಮೈಗೆ ಹತ್ತಿಸಿಕೊಂಡ. ಆಮೇಲೆ ನೆಟ್ಟಗಾಗಿ, ಸರಿ ಮಾಡಿ ಎಂದ. ಗೇರಣ್ಣ ಅದನ್ನು ಹಾಗೆ ಬಿಟ್ಟು ಒಂದು ರಾತ್ರಿಯೂ ನೆಮ್ಮದಿಯಾಗಿ ಮಲಗಿರಲಾರರು.

ಮೆಕ್ಯಾನಿಕ್ ನಟ್ಟು ಸಡಿಲಿಸಿದಾಗ ಕೆಂಪು ಚುಕ್ಕೆ ಒಡೆದು ಉದುರಿತು. ತಿರುಪು ತಿರುಗಿಸಿ, ಪಟ್ಟಿ ತೂರಿಸಿ, ಮತ್ತೆ ಬಿಗಿದ. ಅತ್ತಿಗೆ ಒಳಗೆ ಹೋಗಿ ಬಾಟಲಿ ತಂದರು. ತಳದಲ್ಲಿ ಸ್ವಲ್ಪ ಉಳಿದಿತ್ತು. ಹೊಸ ಚುಕ್ಕೆಯನ್ನು ಅವನೇ ಇಟ್ಟ. ಕನ್ನಡಕದ ಸಾಸಿವೆಯಂಥ ತಿರುಪುಗಳಲ್ಲಿ ಪಳಗಿದ ಕೈ, ಅದಕ್ಕೆ ಅಷ್ಟು ಸಾಕಿತ್ತು. ಎಂಜಿನ್ ಮತ್ತೆ ಚಾಲೂ ಆಯಿತು. ಮೆಕ್ಯಾನಿಕ್ ಸ್ಕ್ರೂಡ್ರೈವರನ್ನು ಅವನ ಕಡೆ ಚಾಚಿ, ನೋಡಿ ಸಾರ್, ಈಗ ಸರಿಯಾಗಿದೆಯಾ ಕೇಳಿ ಎಂದ. ಅತ್ತಿಗೆ ಎದುರಿಗೆ ನಿಂತಿದ್ದರು. ಅವನು ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ. ಗಿರಣಿಯ ಮುಂದೆ ನಿಂತ ಹಾಗೆ ಒಂದು ದೊಡ್ಡ ಗದ್ದಲ, ಮೊದಲಿನ ಹಾಗೇ, ಅದರೊಳಗೆ ಬೇರೆ ಏನೂ ಇಲ್ಲ. ತನ್ನ ಕತ್ತು ಒಂಚೂರು ಓರೆಯಾಗಿದೆ ಎಂದು ಅವನಿಗೆ ಗೊತ್ತಾಯಿತು. ಹಾಗೇ ಇರಲಿ ಎಂದು ಬಿಟ್ಟ.

'ಕೇಳಿಸ್ತಾ?' ಎಂದರು ಅತ್ತಿಗೆ.

'ಹೂಂ' ಎಂದ.